ಮೂವತ್ತು ವರ್ಷ ತಿಂದ ಶೆಟ್ಲಿ (ಸಿಗಡಿ) ಈಗ ಮೈಗೆ ಆಗುವುದಿಲ್ಲ: ನಡುವಯಸ್ಸಿನಲ್ಲಿ ಅಲರ್ಜಿ ಬಂದವರು ಇಲ್ಲಿ ಯಾರಾದರೂ ಇದ್ದೀರಾ?

ಕೋಡಿಬಾಗದ ಅಕ್ಕೋರು, ಕಾರವಾರ

ನನಗೆ ಈಗ 43 ವರ್ಷ. ಕಾಳಿ ನದಿ ಕಡಲು ಸೇರುವಲ್ಲೇ ಹುಟ್ಟಿ ಬೆಳೆದ ನನಗೆ ಶೆಟ್ಲಿ ಎಂದರೆ ಹಬ್ಬದ ಅಡುಗೆಯೇನೂ ಆಗಿರಲಿಲ್ಲ, ವಾರಕ್ಕೆರಡು ದಿನದ ಸಾಮಾನ್ಯ ಊಟವಾಗಿತ್ತು. ಕಳೆದ ವರ್ಷ ಚೌತಿ ಮುಗಿದ ಮೂರನೆಯ ದಿನ, ಶ್ರಾವಣದ ವ್ರತವೆಲ್ಲ ಕಳೆದ ಮೇಲೆ ಮೊದಲ ಬಾರಿಗೆ ಮನೆಗೆ ತಾಜಾ ಶೆಟ್ಲಿ ತಂದಿದ್ದೆವು. ಊಟ ಮುಗಿಸಿ ತಟ್ಟೆ ತೊಳೆಯುವಾಗ ಅಂಗೈ ತುರಿಸತೊಡಗಿತು, ಆಮೇಲೆ ಅಂಗಾಲು, ಕಿವಿಯ ಹಿಂಭಾಗ. ಇಪ್ಪತ್ತು ನಿಮಿಷದೊಳಗೆ ಹೊಟ್ಟೆಯ ಮೇಲೆಲ್ಲ ಗಂಧೆ ಎದ್ದು ತುಟಿ ದಪ್ಪವಾಯಿತು. ನಮ್ಮ ಅತ್ತೆಯವರು "ಪಿತ್ತ ಕೆದರಿದೆ" ಎಂದು ಮುರುಗಲ (ಕೋಕಂ) ಸಿಪ್ಪೆ ನೆನೆಸಿದ ನೀರನ್ನು ಮೈಗೆ ಸವರಿದರು. ಅವರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ, ಆದರೆ ಆ ಸಿಪ್ಪೆ ನೆನೆಯುವ ಹದಿನೈದು ನಿಮಿಷದಲ್ಲಿ ನನ್ನ ಧ್ವನಿ ಒಡೆದುಹೋಗಿತ್ತು.

ಹತ್ತಿರದ ದವಾಖಾನೆಯೊಂದರಲ್ಲಿ ಎರಡು ಚುಚ್ಚುಮದ್ದು ಕೊಟ್ಟರು, ಅರ್ಧ ಗಂಟೆಯಲ್ಲಿ ತುರಿಕೆ ಇಳಿಯಿತು, ಮನೆಗೆ ಕಳುಹಿಸಿದರು. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಹಿಂಡಿದಂತಾಗಿ ಬಚ್ಚಲಿಗೆ ಹೋಗಲು ಎದ್ದವಳು ಹೊಸ್ತಿಲಲ್ಲೇ ಕಣ್ಣು ಕತ್ತಲಿಟ್ಟು ಬಿದ್ದೆ. ರಿಕ್ಷಾದಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದಾಗ ಅಲ್ಲಿಯವರು ಒಂದು ಮಾತೂ ಕೇಳದೆ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಐದು ನಿಮಿಷದಲ್ಲಿ ಉಸಿರು ಹಿಂದಿರುಗಿತು. ಮೊದಲ ದವಾಖಾನೆಯಲ್ಲಿ ಕೊಟ್ಟದ್ದು ತುರಿಕೆಯ ಔಷಧಿ ಮಾತ್ರವೆಂದು ಆಮೇಲೆ ಚೀಟಿ ನೋಡಿ ತಿಳಿಯಿತು.

ಈಗ ಹಿಂದಿರುಗಿ ನೋಡಿದರೆ ಎರಡು ವರ್ಷದಿಂದ ಸೂಚನೆಗಳು ಇದ್ದವು. ಶೆಟ್ಲಿ ಸುಲಿಯುವಾಗ ಬೆರಳ ಸಂದಿನಲ್ಲಿ ತುರಿಕೆಯಾಗುತ್ತಿತ್ತು, ತಲೆಯ ಮುಳ್ಳು ತಾಗಿರಬೇಕು ಎಂದುಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಒಣಶೆಟ್ಲಿಯ ಕಿಸ್ಮೂರು ತಿಂದ ಮೇಲೆ ಗಂಟಲಲ್ಲಿ ಏನೋ ಕೆರೆದಂತಾಗುತ್ತಿತ್ತು, ಮೆಣಸು ಹೆಚ್ಚಾಯಿತು ಎಂದುಕೊಳ್ಳುತ್ತಿದ್ದೆ. "ಶೆಟ್ಲಿ ಸ್ವಲ್ಪ ನಂಜು, ಗಾಯವಿದ್ದವರು ತಿನ್ನಬಾರದು" ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದರಿಂದ ಎಲ್ಲವನ್ನೂ ಆ ಒಂದೇ ಪದದ ಗಂಟಿನಲ್ಲಿ ಕಟ್ಟಿಟ್ಟಿದ್ದೆ.

ನನ್ನ ಪ್ರಶ್ನೆಗಳು ಇವು. ಬಂಗಡೆ, ಇಸವಣ, ನೊಗಲಿಯಂಥ ಮೀನು ಇನ್ನು ತಿನ್ನಬಹುದೇ? ಚಿಪ್ಪಿನ ಬಳಚು? ಮನೆಯವರು ತಿನ್ನುವುದನ್ನು ನಿಲ್ಲಿಸಬೇಕೇ? ಒಬ್ಬ ನರ್ಸ್ "ನಿಮಗೆ ಅಯೋಡಿನ್ ಆಗುವುದಿಲ್ಲ, ಉಪ್ಪನ್ನೂ ಬದಲಿಸಿ" ಎಂದರು, ಅದು ನಿಜವೇ? ಇವೆಲ್ಲಕ್ಕಿಂತ ಮುಖ್ಯವಾಗಿ, ನಲವತ್ತು ದಾಟಿದ ಮೇಲೆ "ನನಗೆ ಇದು ಆಗುವುದಿಲ್ಲ" ಎಂದರೆ ನೆಂಟರಿಷ್ಟರು ನಂಬುವಂತೆ ಹೇಗೆ ಹೇಳುವುದು?

ಬೈತಖೋಲ ಬಂದರಿನವನು

ಅಕ್ಕೋರೆ, ವೈದ್ಯಕೀಯ ವಿಷಯ ನನಗೆ ತಿಳಿಯದು, ಆದರೆ ಮೀನು ನಿಮ್ಮ ಮನೆಗೆ ಬರುವ ದಾರಿ ತಿಳಿದಿದೆ. ದೋಣಿಯಿಂದ ಇಳಿಯುವಾಗ ಜಾತಿ ಜಾತಿ ಬೇರ್ಪಡಿಸಿದರೂ ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ; ಮೇಲಿನ ಬುಟ್ಟಿಯಲ್ಲಿ ಶೆಟ್ಲಿ ಇದ್ದರೆ ಮಂಜುಗಡ್ಡೆ ಕರಗಿದ ನೀರು ಕೆಳಗಿನ ಬಂಗಡೆಯ ಮೇಲೆ ಸುರಿಯುತ್ತಲೇ ಇರುತ್ತದೆ. ಮಾರುಕಟ್ಟೆಯಲ್ಲಿ ಮೀನು ಕೊಯ್ದು ಕೊಡುವವರು ಅದೇ ಮಣೆ, ಅದೇ ಕತ್ತಿ, ಅದೇ ಬಕೆಟ್ಟಿನ ನೀರು ಬಳಸುತ್ತಾರೆ. ನೀವು ಮೀನನ್ನು ಇಡಿಯಾಗಿ ಕೊಂಡು ಮನೆಯಲ್ಲೇ ಹರಿಯುವ ನೀರಿನಲ್ಲಿ ತೊಳೆದು ಕೊಯ್ಯುವುದು ಒಳ್ಳೆಯದು. ಒಣಮೀನನ್ನಂತೂ ಬಿಟ್ಟೇಬಿಡಿ, ಒಣಗಿಸುವ ಅಂಗಳದಲ್ಲಿ ಜವಳದ (ಒಣಗಿಸಿದ ಸಣ್ಣ ಶೆಟ್ಲಿಯ) ಪುಡಿ ಎಲ್ಲದರ ಮೇಲೂ ಕೂತಿರುತ್ತದೆ.

ಕುಮಟೆಯ ನಿವೃತ್ತ ವೈದ್ಯ

ಬಂದರಿನ ಸ್ನೇಹಿತರು ಹೇಳಿದ್ದು ನಮ್ಮ ಪುಸ್ತಕಗಳಲ್ಲಿರುವುದಕ್ಕಿಂತ ಹೆಚ್ಚು ಉಪಯುಕ್ತವಾಗಿದೆ. ಉಳಿದದ್ದಕ್ಕೆ ನಾನು ಉತ್ತರಿಸುತ್ತೇನೆ.

ದೊಡ್ಡವರಾದ ಮೇಲೆ ಹೊಸದಾಗಿ ಬರುವ ಆಹಾರದ ಅಲರ್ಜಿಗಳಲ್ಲಿ ಶೆಟ್ಲಿ, ಏಡಿಗಳದ್ದೇ ಮುಂಚೂಣಿ. ಇವುಗಳ ಸ್ನಾಯುವಿನಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನನ್ನು ದೇಹವು ಶತ್ರುವೆಂದು ಗುರುತಿಸಿ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಈ ಪ್ರೋಟೀನು ಬೆಂದರೂ ಹುರಿದರೂ ಕೆಡುವುದಿಲ್ಲ. ಆದ್ದರಿಂದ "ಚೆನ್ನಾಗಿ ಬೇಯಿಸಿದ್ದೇನೆ" ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ಮನೆಯ ಧೂಳಿನ ನುಸಿಯಲ್ಲೂ ಜಿರಲೆಯಲ್ಲೂ ಬಹುತೇಕ ಇದೇ ರೂಪದ ಪ್ರೋಟೀನು ಇರುತ್ತದೆ. ನಮ್ಮ ಕರಾವಳಿಯ ತೇವದ ಮನೆಗಳಲ್ಲಿ, ಮಳೆಗಾಲದಲ್ಲಿ ಒಣಗದ ಹಾಸಿಗೆಗಳಲ್ಲಿ, ಆ ನುಸಿಗೆ ಸುಗ್ಗಿ. ಬೆಳಗ್ಗೆದ್ದು ಸೀನುವ ಅಭ್ಯಾಸ ನಿಮಗೆ ಮೊದಲಿನಿಂದ ಇದ್ದರೆ ಆ ಎರಡಕ್ಕೂ ನಂಟು ಇರಬಹುದು.

ಮೀನಿನ ಅಲರ್ಜಿಗೆ ಕಾರಣವಾಗುವುದು ಪಾರ್ವಾಲ್ಬುಮಿನ್ ಎಂಬ ಬೇರೆಯೇ ಪ್ರೋಟೀನು. ಹಾಗಾಗಿ ಶೆಟ್ಲಿ ಆಗದವರಿಗೆ ಮೀನು ಆಗಬಾರದೆಂಬ ನಿಯಮವಿಲ್ಲ. ಬಂಗಡೆಯನ್ನು ಈವರೆಗೆ ತೊಂದರೆಯಿಲ್ಲದೆ ತಿಂದಿದ್ದರೆ, ಬೆರಕೆಯ ಎಚ್ಚರದೊಂದಿಗೆ ಮುಂದುವರಿಸಬಹುದು. ಏಡಿಯನ್ನು ಮಾತ್ರ ಶೆಟ್ಲಿಯ ತಮ್ಮನೆಂದೇ ತಿಳಿಯಿರಿ. ಬಳಚು, ನೀಲಿಕಲ್ಲು, ಕಲ್ವ ಮೃದ್ವಂಗಿಗಳ ಗುಂಪಿಗೆ ಸೇರಿದವು. ಕೆಲವರಿಗೆ ಅವೂ ಆಗುವುದಿಲ್ಲ, ಕೆಲವರಿಗೆ ಏನೂ ಆಗುವುದಿಲ್ಲ. ತಜ್ಞರು ಪರೀಕ್ಷಿಸುವವರೆಗೆ ಬಿಡಿ. ಅಯೋಡಿನ್ ಮಾತು ಸುಳ್ಳು. ಅದು ಅಲರ್ಜಿ ಹುಟ್ಟಿಸುವ ಪ್ರೋಟೀನೇ ಅಲ್ಲ. ಉಪ್ಪು ಬದಲಿಸಬೇಡಿ, ಮುಂದೆ ಸಿಟಿ ಸ್ಕ್ಯಾನಿಗೆ ಅಯೋಡಿನ್ ಇರುವ ಬಣ್ಣದ್ರವ ಕೊಡಬೇಕಾಗಿ ಬಂದರೆ ಶೆಟ್ಲಿಯ ಕಾರಣಕ್ಕೆ ಹೆದರಲೂ ಬೇಡಿ.

ಒಂದು ಪಕ್ಕದ ಮಾತು. ಬಂಗಡೆ ಅಥವಾ ಗೆದರೆಯಂಥ ಮೀನು ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳಿಂದ ಅದರಲ್ಲಿ ಹಿಸ್ಟಮಿನ್ ಉತ್ಪತ್ತಿಯಾಗುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥ ಮೀನು ತಿಂದವರಿಗೂ ಮುಖ ಕೆಂಪಾಗಿ ಗಂಧೆ ಏಳುತ್ತದೆ. ಒಂದೇ ಪಂಕ್ತಿಯಲ್ಲಿ ನಾಲ್ವರಿಗೆ ಒಟ್ಟಿಗೆ ಹೀಗಾದರೆ ಅದು ಮೀನಿನ ದೋಷ. ಒಬ್ಬರಿಗೇ ಪ್ರತಿಸಲ ಆದರೆ ಅಲರ್ಜಿಯನ್ನು ಸಂಶಯಿಸಬೇಕು. ನಮ್ಮ ಜನ "ಬಂಗಡೆ ನಂಜು" ಎಂದು ಹೇಳುವ ಎಷ್ಟೋ ಪ್ರಕರಣಗಳು ಮೊದಲನೆಯ ಬಗೆಯವು ಎಂಬುದು ನನ್ನ ಅನಿಸಿಕೆ.

ಪರೀಕ್ಷೆಯ ಬಗ್ಗೆ ಹೇಳುವುದಾದರೆ, ಚರ್ಮಕ್ಕೆ ಚುಚ್ಚಿ ನೋಡುವುದು ಮತ್ತು ರಕ್ತದಲ್ಲಿ ನಿರ್ದಿಷ್ಟ ಐಜಿಇ ಅಳೆಯುವುದು, ಇವೆರಡೂ ನಂಬಲರ್ಹ. ಚರ್ಮದ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ಸೆಟಿರಿಜಿನ್‌ನಂಥ ತುರಿಕೆಯ ಮಾತ್ರೆ ನಿಲ್ಲಿಸಿರಬೇಕು. ಇನ್ನೂರು ಆಹಾರಗಳ ಪಟ್ಟಿ ಕೊಟ್ಟು ಐಜಿಜಿ ಎಂಬ ಬೇರೊಂದು ಪ್ರತಿಕಾಯ ಅಳೆಯುವ ದುಬಾರಿ ಪರೀಕ್ಷೆಗೆ ಹಣ ಸುರಿಯಬೇಡಿ. ನೀವು ಏನೇನು ತಿನ್ನುತ್ತೀರಿ ಎಂಬುದನ್ನಷ್ಟೇ ಅದು ಹೇಳುತ್ತದೆ.

ಅಂಕೋಲೆಯ ಹಳಬ

ಇಷ್ಟೆಲ್ಲ ಹೆದರಿಸುವ ಅಗತ್ಯವಿದೆಯೇ ಎಂದು ನನಗೆ ಸಂಶಯ. ನಮ್ಮ ಅಜ್ಜನಿಗೂ ಶೆಟ್ಲಿ ಸ್ವಲ್ಪ ತುರಿಸುತ್ತಿತ್ತು, ಆದರೂ ಎಂಬತ್ತು ದಾಟುವವರೆಗೆ ತಿಂದರು. ಪೂರ್ತಿ ಬಿಟ್ಟರೆ ದೇಹ ಮರೆತುಬಿಡುತ್ತದೆ. ಒಂದೊಂದೇ ತಿಂದು ರೂಢಿ ಮಾಡಿಕೊಳ್ಳಬೇಕು, ಮೇಲಿಂದ ಮುರುಗಲ ಕಡಿ ಕುಡಿಯಬೇಕು.

ಕುಮಟೆಯ ನಿವೃತ್ತ ವೈದ್ಯ

ತಮ್ಮ ಅಜ್ಜನವರ ಬಗ್ಗೆ ಗೌರವವಿಟ್ಟುಕೊಂಡೇ ಇದನ್ನು ಖಂಡಿಸಬೇಕಾಗಿದೆ, ಏಕೆಂದರೆ ಈ ಮಾತನ್ನು ಓದಿ ಯಾರಾದರೂ ಇಂದು ರಾತ್ರಿಯೇ ಪ್ರಯೋಗ ಮಾಡಿಯಾರು.

ರೂಢಿ ಮಾಡಿಸುವ ಆಸೆಯಿಂದಲೇ ಈ ವಿಜ್ಞಾನ ಹುಟ್ಟಿದ್ದು ಎಂಬುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬಿಬ್ಬರು ಮೊನಾಕೊದ ರಾಜಕುಮಾರನ ಹಡಗಿನಲ್ಲಿ ಕಡಲಜೀವಿಗಳ ವಿಷದ ಅಧ್ಯಯನ ಆರಂಭಿಸಿ, ಆಮೇಲೆ ಕಡಲಹೂವು ಎಂಬ ಜೀವಿಯ ವಿಷವನ್ನು ನಾಯಿಗಳಿಗೆ ಅಲ್ಪ ಪ್ರಮಾಣದಲ್ಲಿ ಕೊಟ್ಟು, ಅವು ಒಗ್ಗಿಕೊಳ್ಳುತ್ತವೆ ಎಂದು ಕಾದರು. ಮೂರು ವಾರದ ಬಳಿಕ ಅಷ್ಟೇ ಅಲ್ಪ ಪ್ರಮಾಣವನ್ನು ಮತ್ತೆ ಕೊಟ್ಟಾಗ ಆರೋಗ್ಯವಾಗಿದ್ದ ನಾಯಿ ನಿಮಿಷಗಳಲ್ಲಿ ಕುಸಿದು ಸತ್ತಿತು. ರಕ್ಷಣೆಗೆ ತದ್ವಿರುದ್ಧವಾದದ್ದು ಎಂಬ ಅರ್ಥದಲ್ಲಿ 1902ರಲ್ಲಿ ಅದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು; ರಿಶೆಗೆ 1913ರಲ್ಲಿ ನೊಬೆಲ್ ಬಂತು. ಅಲರ್ಜಿ ಎಂಬ ಪದ ಬಂದದ್ದು ಅದರ ನಂತರ, 1906ರಲ್ಲಿ. ಅಳತೆಯ ಪ್ರಮಾಣದಲ್ಲಿ ಆಹಾರ ಕೊಟ್ಟು ಸಹಿಷ್ಣುತೆ ಬೆಳೆಸುವ ಚಿಕಿತ್ಸೆ ಕೆಲವು ಅಲರ್ಜಿಗಳಿಗೆ, ಮುಖ್ಯವಾಗಿ ಮಕ್ಕಳ ಶೇಂಗಾ ಅಲರ್ಜಿಗೆ, ಇದೆ ನಿಜ. ಅದು ಮಿಲಿಗ್ರಾಂ ಲೆಕ್ಕದಲ್ಲಿ, ತಜ್ಞರ ಕಣ್ಣೆದುರು, ಅಡ್ರಿನಲಿನ್ ಕೈಯಳತೆಯಲ್ಲಿಟ್ಟುಕೊಂಡು ನಡೆಯುವ ಕೆಲಸ, ಮನೆಯ ಊಟದ ಮಣೆಯ ಮೇಲೆ ನಡೆಯುವುದಲ್ಲ.

ನಂಜು ಎಂಬ ಪದದ ತೊಂದರೆ ಇದೇ. ನಂಜು ಎಂದರೆ ಹೆಚ್ಚು ತಿಂದರೆ ಹೆಚ್ಚು, ಕಡಿಮೆ ತಿಂದರೆ ಕಡಿಮೆ, ಗಾಯ ಮಾಗಿದ ಮೇಲೆ ಏನೂ ಇಲ್ಲ ಎಂಬ ಭಾವನೆ ಅದರಲ್ಲಿದೆ. ಅಲರ್ಜಿ ಅಂಥ ಲೆಕ್ಕಕ್ಕೆ ಸಿಗುವುದಿಲ್ಲ. ಹೋದಸಲ ಬರೀ ತುರಿಕೆಯಾಗಿತ್ತೆಂದು ಈ ಸಲವೂ ತುರಿಕೆಯಲ್ಲೇ ನಿಲ್ಲುತ್ತದೆ ಎನ್ನಲಾಗದು. ಮುರುಗಲ ಕಡಿ ಒಳ್ಳೆಯ ಪಾನೀಯ, ನಾನೂ ದಿನಾ ಕುಡಿಯುತ್ತೇನೆ. ಅದು ಮುಚ್ಚಿಹೋಗುತ್ತಿರುವ ಗಂಟಲನ್ನು ತೆರೆಯುವುದಿಲ್ಲ.

ಅಕ್ಕೋರಿಗೆ ಇನ್ನೊಂದು ಮಾತು. ಉಸಿರಿನ ತೊಂದರೆ, ಧ್ವನಿ ಒಡೆಯುವುದು, ತಲೆಸುತ್ತು ಇವುಗಳಲ್ಲಿ ಒಂದು ಕಾಣಿಸಿದರೂ ಮೊದಲ ಔಷಧಿ ಅಡ್ರಿನಲಿನ್. ವಯಸ್ಕರಿಗೆ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ನಡುಭಾಗದ ಸ್ನಾಯುವಿಗೆ. ಸೆಟಿರಿಜಿನ್ ಗಂಧೆಯನ್ನು ಇಳಿಸೀತು, ರಕ್ತದೊತ್ತಡವನ್ನು ಎತ್ತಲಾರದು. ಮೊದಲ ಹೊಡೆತ ಇಳಿದ ಕೆಲವು ಗಂಟೆಗಳ ಮೇಲೆ ಎರಡನೆಯದು ಬರುವುದುಂಟು, ನಿಮಗೆ ಆದದ್ದು ಹಾಗೆ. ತಲೆ ಸುತ್ತಿದಾಗ ಎದ್ದು ನಿಲ್ಲದೆ ಕಾಲು ಎತ್ತರಿಸಿ ಮಲಗಬೇಕಿತ್ತು. ಎದ್ದದ್ದರಿಂದಲೇ ಹೊಸ್ತಿಲಲ್ಲಿ ಬಿದ್ದಿರಿ. ಒತ್ತಿದರೆ ಚುಚ್ಚಿಕೊಳ್ಳುವ ಪೆನ್ನು ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಸಿಗುವುದು ಗಾಜಿನ ಆಂಪೂಲ್. ನಿಮ್ಮ ವೈದ್ಯರಿಂದ ಚೀಟಿ ಬರೆಸಿಕೊಂಡು, ಆಂಪೂಲ್ ಒಡೆದು ಸಿರಿಂಜಿಗೆ ಎಳೆಯುವುದನ್ನು ನೀವೂ ನಿಮ್ಮ ಯಜಮಾನರೂ ಅವರ ಎದುರೇ ಕಲಿಯಿರಿ. ಬಿಸಿಲಿಗೂ ಸ್ಕೂಟರಿನ ಡಿಕ್ಕಿಗೂ ಅದನ್ನು ಹಾಕಬೇಡಿ.

ಶಿರಸಿಯ ತೋಟಿಗ

ನಾವು ಶಾಕಾಹಾರಿಗಳು, ಶೆಟ್ಲಿಯ ಸುದ್ದಿ ನಮಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಅಲರ್ಜಿಯನ್ನು ಹಿಡಿಯಲು ಎರಡು ವರ್ಷ ಬೇಕಾಯಿತು, ಮತ್ತು ಹಿಡಿದದ್ದು ನನ್ನ ಹೆಂಡತಿಯ ಲೆಕ್ಕದ ಪುಸ್ತಕ.

51ನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಬೆಳಗಿನ ದೋಸೆ ಬಿಟ್ಟು ಚಪಾತಿಗೆ ಬದಲಾಯಿಸಿದೆ. ಆ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುವ ದಿನ, ಬೋರ್ಡೋ ದ್ರಾವಣದ ಕೊಡ ಹೊತ್ತು ತೋಟದ ಏರು ಹತ್ತುತ್ತಿದ್ದಾಗ ಮೈಯೆಲ್ಲ ಕಾದಂತಾಗಿ, ಗಂಧೆ ಎದ್ದು, ಸಂಕದ (ಕಾಲುಸೇತುವೆಯ) ಮೇಲೆ ಕುಸಿದು ಕೂತೆ. ಎಲ್ಲರೂ ಆ ದ್ರಾವಣದ ಮೈಲುತುತ್ತದ ಮೇಲೆ ಅನುಮಾನಪಟ್ಟರು. ಕೈಗವಸು ತಂದೆವು, ಮುಖಕ್ಕೆ ಬಟ್ಟೆ ಕಟ್ಟಿದೆವು. ಎರಡನೆಯ ಸಲವೂ ಮದ್ದು ಹೊಡೆಸುವ ದಿನವೇ ಆಯಿತು, ಅನುಮಾನ ಗಟ್ಟಿಯಾಯಿತು. ಮೂರನೆಯ ಸಲ ಆದದ್ದು ಬೇಸಿಗೆಯಲ್ಲಿ, ಬೆಟ್ಟದಿಂದ ದರಕು (ಒಣಎಲೆ) ಹೊತ್ತು ಇಳಿಯುವಾಗ. ಅಂದು ಮೈಲುತುತ್ತದ ವಾಸನೆಯೂ ಇರಲಿಲ್ಲ.

ಆಗ ಅವಳು ದಿನಚರಿ ಬರೆಯತೊಡಗಿದಳು: ತಿಂದದ್ದೇನು, ಎಷ್ಟು ಹೊತ್ತಿಗೆ, ಆಮೇಲೆ ಮಾಡಿದ ಕೆಲಸವೇನು, ನುಂಗಿದ ಮಾತ್ರೆ ಯಾವುದು. ಚಪಾತಿ ತಿಂದು ಜಗಲಿಯಲ್ಲಿ ಕುಳಿತು ಅಡಿಕೆ ಸುಲಿದ ದಿನ ಏನೂ ಇಲ್ಲ. ದೋಸೆ ತಿಂದು ಬೆಟ್ಟ ಹತ್ತಿದ ದಿನ ಏನೂ ಇಲ್ಲ. ಚಪಾತಿ ತಿಂದು ಒಂದು ಗಂಟೆಯೊಳಗೆ ಮೈಮುರಿದು ದುಡಿದ ದಿನ, ಅದರಲ್ಲೂ ಸೊಂಟನೋವಿನ ಮಾತ್ರೆ ನುಂಗಿದ್ದರೆ, ಗಂಧೆ ಖಚಿತ. ಹುಬ್ಬಳ್ಳಿಯ ತಜ್ಞರು ಆ ಪುಸ್ತಕದ ಎರಡು ಪುಟ ಓದಿಯೇ ರೋಗದ ಹೆಸರು ಹೇಳಿದರು: ಶ್ರಮದಿಂದ ಪ್ರಚೋದನೆಗೊಳ್ಳುವ ಗೋಧಿಯ ಅಲರ್ಜಿ. ಒಮೆಗಾ-5 ಗ್ಲಿಯಾಡಿನ್ ಎಂಬ ಗೋಧಿಯ ಪ್ರೋಟೀನಿಗೆ ನನ್ನ ರಕ್ತಪರೀಕ್ಷೆ ಧನಾತ್ಮಕವಾಗಿ ಬಂತು.

ಗೋಧಿ ತಿಂದರೆ ನಾಲ್ಕು ಗಂಟೆಯಾದರೂ ಶ್ರಮದ ಕೆಲಸ ಕೂಡದೆಂಬುದು ನನಗೆ ಕೊಟ್ಟ ಸೂಚನೆ. ತೋಟಿಗನಿಗೆ ಅದು ಸಾಧ್ಯವಿಲ್ಲದ್ದರಿಂದ ಗೋಧಿಯನ್ನೇ ಬಿಟ್ಟೆ, ಈಗ ಬೆಳಗ್ಗೆ ರಾಗಿ. ಆದರೆ ಗೋಧಿ ಎಲ್ಲೆಲ್ಲಿ ಅಡಗಿದೆ ಎಂಬುದು ಬಿಟ್ಟ ಮೇಲೆಯೇ ತಿಳಿಯುವುದು. ಕೇಸರಿಬಾತಿನ ರವೆ ಗೋಧಿಯದು, ಶಾವಿಗೆ ಹೆಚ್ಚಾಗಿ ಗೋಧಿಯದು, ಅಂಗಡಿಯ ಡಬ್ಬಿಯ ಇಂಗಿನಲ್ಲೂ ಮೈದಾ ಬೆರೆಸಿರುತ್ತಾರೆ. ಇಂಗಿನ ಒಗ್ಗರಣೆ ಬೇಡವೆಂದರೆ ನಮ್ಮ ಹವ್ಯಕರ ಮನೆಯಲ್ಲಿ ಎಂಥ ಮುಖ ಮಾಡುತ್ತಾರೆ ಎಂಬುದನ್ನು ನೀವೇ ಊಹಿಸಿ. ಪಂಕ್ತಿಯಲ್ಲಿ ಬಡಿಸುವವರಿಗೆ ಬೇಡ ಎಂದರೆ ನಾಚಿಕೆ ಎಂದುಕೊಂಡು ಎರಡು ಚಮಚ ಹೆಚ್ಚೇ ಹಾಕುತ್ತಾರೆ. ನಾನೀಗ ಬಾಳೆಎಲೆಯ ಆ ಭಾಗವನ್ನು ಮಡಚಿಬಿಡುತ್ತೇನೆ.

ಹೊನ್ನಾವರದ ಹೋಟೆಲಿನ ಅಡುಗೆಯವ

ಅಕ್ಕೋರೆ, ನಮ್ಮಂಥ ಹೋಟೆಲಿನಲ್ಲಿ "ಶೆಟ್ಲಿ ಹಾಕಿಲ್ಲ ತಾನೇ?" ಎಂದು ಕೇಳಿದರೆ ಮಾಣಿ "ಇಲ್ಲ" ಎನ್ನುತ್ತಾನೆ, ಮತ್ತು ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ತಿಳಿಯದ್ದು ಒಳಗಿನ ಸಂಗತಿ. ಮಸಾಲೆ ಸವರಿದ ಶೆಟ್ಲಿಯನ್ನು ಯಾವ ರವೆಯ ತಟ್ಟೆಯಲ್ಲಿ ಹೊರಳಿಸುತ್ತೇವೋ ಅದೇ ರವೆಯಲ್ಲಿ ನೊಗಲಿಯನ್ನೂ ಹೊರಳಿಸುತ್ತೇವೆ. ಕಾವಲಿ ಒಂದೇ, ಎಣ್ಣೆ ಒಂದೇ, ಮಗುಚುವ ಸಟ್ಟುಗ ಒಂದೇ. ಮಧ್ಯಾಹ್ನ ಒಂದು ಗಂಟೆಗೆ ಮೂವತ್ತು ಜನ ಕಾಯುತ್ತಿರುವಾಗ ಬೇರೆ ಕಾವಲಿ ಇಡುತ್ತೇನೆಂದು ನಾನು ಮಾತು ಕೊಟ್ಟರೂ ನೀವು ನಂಬಬಾರದು. ಮೀನು ಹೋಟೆಲಿನಲ್ಲಿ ಉಣ್ಣಬೇಡಿ ಎಂದು ಹೇಳುವುದು ನನ್ನ ವ್ಯಾಪಾರಕ್ಕೆ ನಷ್ಟ, ಆದರೂ ಹೇಳುತ್ತಿದ್ದೇನೆ.

ಕೋಡಿಬಾಗದ ಅಕ್ಕೋರು, ಕಾರವಾರ

ಎಲ್ಲರಿಗೂ ಉತ್ತರಿಸಲು ತಡವಾಯಿತು. ಪರೀಕ್ಷೆ ಮುಗಿದಿದೆ: ಶೆಟ್ಲಿಗೂ ಏಡಿಗೂ ಧನಾತ್ಮಕ, ಮೀನಿಗೆ ಇಲ್ಲ. ವೈದ್ಯರು ಊಹಿಸಿದಂತೆ ಧೂಳಿನ ನುಸಿಗೂ ಧನಾತ್ಮಕ.

ಹೊಟ್ಟೆಗೆ ಹೋಗದಿದ್ದರೆ ಸಾಕೆಂದುಕೊಂಡಿದ್ದೆ. ಆದರೆ ಪಕ್ಕದ ಮನೆಯಲ್ಲಿ ಮೈದುನನ ಹೆಂಡತಿ ಶೆಟ್ಲಿ ಕುದಿಸುತ್ತಿದ್ದಾಗ ಒಲೆಯ ಬಳಿ ನಿಂತು ಮಾತಾಡುತ್ತಿದ್ದ ನನಗೆ ಮೂಗು ಸೋರಿ ಎದೆ ಬಿಗಿಯಿತು. ಕುದಿಯುವ ಆವಿಯಲ್ಲೂ ಆ ಪ್ರೋಟೀನು ಏಳುತ್ತದೆ ಎಂದು ತಜ್ಞರು ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಶೆಟ್ಲಿ ಬೇಯುವುದಿಲ್ಲ. ಇದು ನಾನು ಹಾಕಿದ ನಿಯಮವಲ್ಲ. ಅಂದು ಸಂಜೆ ಅತ್ತೆಯವರೇ ಶೆಟ್ಲಿಯ ಮಣ್ಣಿನ ಗಡಿಗೆಯನ್ನು ಎತ್ತಿ ಮೈದುನನ ಮನೆಗೆ ಕೊಟ್ಟುಬಂದರು. ಮಣ್ಣಿನ ಪಾತ್ರೆ ಎಷ್ಟು ತೊಳೆದರೂ ಒಳಗೆ ಹೀರಿಕೊಂಡಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನವರು ಮತ್ತು ಮಗ ಅಲ್ಲಿಗೆ ಹೋಗಿ ಉಂಡು, ಅಲ್ಲಿಯೇ ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ಕೈಬಾಯಿ ತೊಳೆದು ಬರುತ್ತಾರೆ.

ಅಂಗಡಿಯ ಪೊಟ್ಟಣಗಳ ಹಿಂಬದಿಯನ್ನು ಈಗ ಕನ್ನಡಕ ಹಾಕಿ ಓದುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಶೆಟ್ಲಿ, ಏಡಿ, ಮೀನು, ಹಾಲು, ಮೊಟ್ಟೆ, ಶೇಂಗಾ, ಗೇರುಬೀಜದಂಥವು, ಸೋಯಾ ಮತ್ತು ಗ್ಲುಟನ್ ಇರುವ ಧಾನ್ಯಗಳನ್ನು ಬೇರೆಯಾಗಿ ನಮೂದಿಸಬೇಕು. ಬಳಚಿನಂಥ ಚಿಪ್ಪಿನ ಜೀವಿಗಳು ಆ ಪಟ್ಟಿಯಲ್ಲಿಲ್ಲ, ಎಳ್ಳೂ ಇಲ್ಲ. ಎಳ್ಳು ಆಗದವರು ಈ ಓದುಗರಲ್ಲಿದ್ದರೆ ಗಮನಿಸಿ. ವಾರದ ಸಂತೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಮಸಾಲೆಪುಡಿಗೆ ಯಾವ ಲೇಬಲ್ಲೂ ಇಲ್ಲ. ಅತ್ತೆಯವರ ಮಂಡಿನೋವಿಗೆ ತಂದ ಗ್ಲುಕೋಸಮಿನ್ ಮಾತ್ರೆಯ ಡಬ್ಬಿಯ ಮೇಲೆ ಕಡಲಚಿಪ್ಪಿನ ಮೂಲವೆಂದು ಕಂಡಾಗ ಮಾತ್ರ ಬೆಚ್ಚಿದೆ. ನಾನೂ ಒಂದು ದಿನ ಅದನ್ನು ನುಂಗುವವಳಿದ್ದೆ.

ನೆಂಟರಿಗೆ ಹೇಗೆ ಹೇಳುವುದು ಎಂಬ ನನ್ನ ಪ್ರಶ್ನೆಗೆ ಶಿರಸಿಯವರ ಮಡಚಿದ ಎಲೆ ಅರ್ಧ ಉತ್ತರ ಕೊಟ್ಟಿತು. ಉಳಿದರ್ಧ ಅತ್ತೆಯವರಿಂದ ಬಂತು. ಕಳೆದ ತಿಂಗಳು ಸದಾಶಿವಗಡದ ಸಂಬಂಧಿಕರ ಮನೆಯಲ್ಲಿ "ಒಂದು ತುಂಡು ತಿಂದರೆ ಏನೂ ಆಗುವುದಿಲ್ಲ, ಪಿತ್ತ ಅಷ್ಟೇ" ಎಂದು ಒಬ್ಬರು ಒತ್ತಾಯಿಸಿದಾಗ ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಪಿತ್ತವೂ ಅಲ್ಲ, ನಂಜೂ ಅಲ್ಲ. ಅಂದು ರಾತ್ರಿ ಹೊಸ್ತಿಲಲ್ಲಿ ಇವಳನ್ನು ಎತ್ತಿದ್ದು ನಾನು." ಆ ಮೇಲೆ ಯಾರೂ ಏನೂ ಅನ್ನಲಿಲ್ಲ, ನನಗೆ ಬೇರೆ ಪಾತ್ರೆಯಿಂದ ಅನ್ನ ಮತ್ತು ತೊವ್ವೆ ಬಡಿಸಿದರು.

ಬಂದರಿನವರಿಗೆ ಒಂದು ಕೇಳಿಕೆ ಉಳಿದಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ನಿಂತಿರುವಾಗ ಮಾರುಕಟ್ಟೆಗೆ ಬರುವ ಬಂಗಡೆ ಹೆಚ್ಚಾಗಿ ಶೀತಲ ಪೆಟ್ಟಿಗೆಯದ್ದು ಎನ್ನುತ್ತಾರೆ. ಅದನ್ನು ಶೆಟ್ಲಿಯೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ತುಂಬುವುದುಂಟೇ, ಬೇರೆಯೇ?

ಬೈತಖೋಲ ಬಂದರಿನವನು

ಪೆಟ್ಟಿಗೆ ಬೇರೆ, ಆದರೆ ಚಿಲ್ಲರೆ ಮಾರುವವರು ಬಿಚ್ಚಿದ ಮೇಲೆ ಒಂದೇ ಹಲಗೆಯ ಮೇಲೆ ಸುರಿಯುತ್ತಾರೆ. ಬೆಳಗ್ಗೆ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಬಂದರೆ ನಾನೇ ಎದುರಿಗೆ ತೆಗೆಸಿಕೊಡುತ್ತೇನೆ. ಚೀಲ ನಿಮ್ಮ ಮನೆಯದ್ದೇ ತನ್ನಿ.